ನಾಯಿಯ ಭಯಕ್ಕೆ ಎಕ್ಸ್‌ಪೋಶರ್ ಥೆರಪಿ: ಮೈಸೂರಿನ ಒಂದು ಕೇಂದ್ರದ ಸೇವೆಯ ವಿಮರ್ಶೆ

ಮೈಸೂರಿನ ಒಂದು ಖಾಸಗಿ ಮನೋಚಿಕಿತ್ಸಾ ಕೇಂದ್ರದಲ್ಲಿ ನಾಯಿಯ ಭಯಕ್ಕೆ ನಾನು ಪಡೆದ ಚಿಕಿತ್ಸೆಯ ವಿಮರ್ಶೆ ಇದು. ಚಿಕಿತ್ಸೆಯ ಹೆಸರು ಎಕ್ಸ್‌ಪೋಶರ್ ಥೆರಪಿ. ಅಂದರೆ ನಾವು ಯಾವುದಕ್ಕೆ ಹೆದರುತ್ತೇವೆಯೋ ಅದನ್ನು ಅಪಾಯವಿಲ್ಲದ ರೀತಿಯಲ್ಲಿ, ನಮ್ಮ ಒಪ್ಪಿಗೆಯಿಂದ, ಹಂತಹಂತವಾಗಿ ಎದುರಿಸುವುದು. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಇದೇ ಚಿಕಿತ್ಸೆಯನ್ನು ಬೇರೆ ಊರುಗಳಲ್ಲಿಯೂ ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟರು ನೀಡುತ್ತಾರೆ; ಅಂಥವರಲ್ಲಿಗೆ ಹೋಗುವ ಮುನ್ನ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದು ಓದುಗರಿಗೆ ತಿಳಿಯಲಿ ಎಂಬುದೇ ನನ್ನ ಉದ್ದೇಶ. ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆ ನಾಲ್ಕರಲ್ಲಿ ದೊಡ್ಡ ಪಾಲು ಒಂದೇ ಕಾರಣಕ್ಕೆ ಸಲ್ಲುತ್ತದೆ: ಈ ಕೇಂದ್ರದವರು ಚಿಕಿತ್ಸೆಯನ್ನು ತಮ್ಮ ಕೋಣೆಯೊಳಗೆ ಮುಗಿಸದೆ ನನ್ನನ್ನು ಬೀದಿಗೆ ಕರೆದುಕೊಂಡು ಹೋದರು. ಅದೇಕೆ ಅಷ್ಟು ಮುಖ್ಯ ಎಂಬುದು ಭಯವನ್ನು ಮೆದುಳು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ಅರಿತರೆ ಮಾತ್ರ ತಿಳಿಯುತ್ತದೆ.

ಪದವಿ ಓದುತ್ತಿದ್ದಾಗ ಒಂದು ಸಂಜೆ ಬೀದಿನಾಯಿಯೊಂದು ನನ್ನ ಮೀನಖಂಡಕ್ಕೆ ಕಚ್ಚಿತ್ತು. ಗಾಯ ಮಾಯಿತು, ರೇಬಿಸ್ ಲಸಿಕೆಗಳೂ ಪೂರ್ತಿಯಾದವು; ಭಯ ಮಾತ್ರ ವರ್ಷಗಳು ಕಳೆದಂತೆ ಹರಡುತ್ತ ಹೋಯಿತು. ಮೊದಲು ಕಂದು ಬಣ್ಣದ ದೊಡ್ಡ ನಾಯಿಗಳನ್ನು ಕಂಡರೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಪಕ್ಕದ ಮನೆಯ ಪೊಮೆರೇನಿಯನ್, ಗೇಟಿನ ಹಿಂದೆ ಸದ್ದು ಮಾಡುವ ಸರಪಳಿ, ಕೊನೆಗೆ ಸಂಜೆ ಹೊತ್ತಿನ ಖಾಲಿ ಬೀದಿ ಕೂಡ ಅದೇ ಕೆಲಸ ಮಾಡತೊಡಗಿತು. ಕುವೆಂಪುನಗರದಲ್ಲಿ ಎರಡು ತಿರುವು ದಾಟಿದರೆ ಸಿಗುವ ಅಂಗಡಿಗೂ ಆಟೋ ಹಿಡಿಯುವ ಸ್ಥಿತಿಗೆ ಬಂದಿದ್ದೆ. ಅದನ್ನೂ ಹೇಗೋ ನಿಭಾಯಿಸುತ್ತಿದ್ದೆನೇನೋ. ಆದರೆ ಯಾವ ನಾಯಿಯೂ ಮುಟ್ಟಿರದ, ಯಾವ ನಾಯಿಯೂ ಬೊಗಳಿ ಅಟ್ಟಿರದ ನನ್ನ ಮಗಳು ನಾಯಿ ಕಂಡೊಡನೆ ನನ್ನ ಸೆರಗಿಗೆ ಅಂಟಿಕೊಳ್ಳತೊಡಗಿದಳು. ಚಿಕಿತ್ಸೆಗೆ ಹೋಗಬೇಕೆಂದು ಗಟ್ಟಿಯಾಗಿ ನಿರ್ಧರಿಸಿದ್ದು ಆಗ.

ಮೊದಲ ಭೇಟಿಯಲ್ಲಿ ಚಿಕಿತ್ಸಕರು ಈ ಎರಡು ಸಂಗತಿಗಳನ್ನೂ, ಅಂದರೆ ಭಯ ಹರಡಿದ್ದನ್ನೂ ಅದು ಮಗಳಿಗೆ ದಾಟಿದ್ದನ್ನೂ, ಹಳೆಯ ಪ್ರಯೋಗಗಳ ಮೂಲಕ ವಿವರಿಸಿದರು. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಅಮೆರಿಕದಲ್ಲಿ ಆಲ್ಬರ್ಟ್ ಎಂಬ ಹೆಸರಿನಿಂದ ಕರೆಯಲಾದ ಒಂದು ಹಸುಗೂಸಿಗೆ ಬಿಳಿ ಇಲಿಯನ್ನು ತೋರಿಸುತ್ತ, ಅದೇ ಹೊತ್ತಿಗೆ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದು ಬೆಚ್ಚಿಬೀಳಿಸಿದರು. ಕೆಲವು ಸಲ ಹೀಗಾದ ಮೇಲೆ ಮಗು ಇಲಿಗಷ್ಟೇ ಅಲ್ಲದೆ ಮೊಲಕ್ಕೂ ನಾಯಿಗೂ ತುಪ್ಪಳದ ಕೋಟಿಗೂ ಹೆದರಿ ಅತ್ತಿತು. ಆ ಭಯವನ್ನು ಯಾರೂ ಬಿಡಿಸದೆ ಮಗುವನ್ನು ಕಳುಹಿಸಿಕೊಟ್ಟರೆಂಬುದು ಮನೋವಿಜ್ಞಾನದ ಚರಿತ್ರೆಯಲ್ಲಿ ಇಂದಿಗೂ ನೋವು ತರುವ ಸಂಗತಿ. ಮಗಳ ವಿಷಯಕ್ಕೆ ಬಂದಾಗ ಅವರು ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ 1980ರ ದಶಕದಲ್ಲಿ ರೀಸಸ್ ಕೋತಿಗಳೊಂದಿಗೆ ನಡೆಸಿದ ಅಧ್ಯಯನಗಳನ್ನು ನೆನಪಿಸಿದರು. ಪ್ರಯೋಗಾಲಯದಲ್ಲೇ ಬೆಳೆದ, ಹಾವನ್ನು ಕಂಡು ಹೆದರದಿದ್ದ ಕೋತಿಗಳು ಕಾಡಿನಲ್ಲಿ ಬೆಳೆದ ಕೋತಿಗಳು ಹಾವಿಗೆ ಬೆದರುವುದನ್ನು ನೋಡಿದ್ದರಿಂದಲೇ ಆ ಭಯವನ್ನು ಕಲಿತವು. ಅದೇ ರೀತಿ ಹೂವಿಗೆ ಹೆದರುವ ಕೋತಿಯ ದೃಶ್ಯವನ್ನು ವಿಡಿಯೊದಲ್ಲಿ ಜೋಡಿಸಿ ತೋರಿಸಿದಾಗ ಮಾತ್ರ ಅವು ಹೂವಿಗೆ ಹೆದರಲು ಕಲಿಯಲಿಲ್ಲ. ಕೆಲವು ಪ್ರಾಣಿಗಳ ವಿಷಯದಲ್ಲಿ ನಮ್ಮ ಮೆದುಳು ಭಯವನ್ನು ಬೇಗ ಒಪ್ಪಿಕೊಳ್ಳುತ್ತದೆ, ಕಣ್ಣೆದುರಿನ ಹಿರಿಯರ ಮುಖವೇ ಅದಕ್ಕೆ ಸಾಕು. ಇದನ್ನು ಕೇಳಿದಾಗ ನನ್ನ ಚಿಕಿತ್ಸೆ ನನ್ನೊಬ್ಬಳದಲ್ಲ ಎಂಬುದು ಸ್ಪಷ್ಟವಾಯಿತು.

ಮೊದಲ ಭೇಟಿಯ ಬಗ್ಗೆ ನನಗೆ ಪೂರ್ಣ ಸಮಾಧಾನವಿದೆ. ಅವಸರವಿರಲಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪತ್ರ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿತ್ತು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಲ್ಲಿ ಇದನ್ನು ನೋಡಿಯೇ ಮುಂದುವರಿಯಬೇಕು. ಹೃದಯದ ತೊಂದರೆ, ಥೈರಾಯ್ಡ್, ತೆಗೆದುಕೊಳ್ಳುತ್ತಿರುವ ಮಾತ್ರೆ, ನಿದ್ದೆ, ಕಚ್ಚಿದ ಘಟನೆ ಕನಸಿನಲ್ಲಿ ಮರಳಿ ಬರುತ್ತದೆಯೇ ಎಂಬುದು, ಮನೆಯಲ್ಲಿ ಬೇರೆ ಚಿಂತೆಗಳೇನಾದರೂ ಇವೆಯೇ ಎಂಬುದು, ಎಲ್ಲವನ್ನೂ ವಿಚಾರಿಸಿದ ಮೇಲೆಯೇ ಇದು ಒಂದು ನಿರ್ದಿಷ್ಟ ವಸ್ತುವಿಗೆ ಸಂಬಂಧಿಸಿದ ಫೋಬಿಯಾ ಎಂದು ಹೇಳಿದರು.

ಮೆದುಳಿನ ಬಗ್ಗೆ ಅವರು ಕೊಟ್ಟ ವಿವರಣೆ ಈ ಸೇವೆಯ ಅತ್ಯುತ್ತಮ ಭಾಗಗಳಲ್ಲಿ ಒಂದು. ಕಿವಿಯ ಮಟ್ಟದಲ್ಲಿ, ಮೆದುಳಿನ ಎರಡೂ ಬದಿಯ ಆಳದಲ್ಲಿ, ಬಾದಾಮಿಯಷ್ಟು ದೊಡ್ಡದಾದ ಅಮಿಗ್ಡಲ ಎಂಬ ಭಾಗವಿದೆ. ಬೊಗಳಿದ ಸದ್ದಿನ ಸುದ್ದಿಯೂ ಕಚ್ಚಿದ ನೋವಿನ ಸುದ್ದಿಯೂ ಅಲ್ಲಿನ ಒಂದೇ ನರಕೋಶಗಳ ಮೇಲೆ ಬಂದು ಕೂಡುತ್ತವೆ. ಒಟ್ಟಿಗೆ ಬಂದಾಗ ಸದ್ದಿನ ಕಡೆಯ ಸಂಪರ್ಕ ಬಲಗೊಳ್ಳುತ್ತದೆ. ಆಮೇಲೆ ಸದ್ದೊಂದೇ ಕೇಳಿದರೂ ಎದೆಬಡಿತ ಏರಿ, ಕಾಲು ನಿಂತಲ್ಲೇ ಹೂತುಹೋದಂತಾಗಿ, ಅಂಗೈ ಬೆವರುತ್ತದೆ. ಅಮೆರಿಕದ ನರವಿಜ್ಞಾನಿ ಜೋಸೆಫ್ ಲೆಡೂ ಅವರು ಇಲಿಗಳಲ್ಲಿ ತೋರಿಸಿದ ಪ್ರಕಾರ ಈ ಸುದ್ದಿ ಅಮಿಗ್ಡಲವನ್ನು ತಲುಪಲು ಎರಡು ದಾರಿಗಳಿವೆ. ಒಂದು ಮೆದುಳಿನ ಹೊರಪದರವನ್ನು ಸುತ್ತಿಕೊಂಡು ಬರುವ ನಿಧಾನದ, ವಿವರವಾದ ದಾರಿ. ಇನ್ನೊಂದು, ಇಂದ್ರಿಯಗಳ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಥಲಾಮಸ್‌ನಿಂದ ನೇರವಾಗಿ ಹೋಗುವ ತ್ವರಿತವಾದ, ಒರಟು ದಾರಿ. ನಾಯಿ ಕಟ್ಟಿಹಾಕಿದ್ದೆಂದು ತಿಳಿಯುವ ಮೊದಲೇ ಮೈ ಏಕೆ ಬೆಚ್ಚುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಇಷ್ಟರಿಂದ ಅಮಿಗ್ಡಲವೇ ಭಯದ ಮನೆ ಎಂದು ಹೇಳಿ ಮುಗಿಸುವವರು ಬಹಳ ಮಂದಿ. ಈ ಚಿಕಿತ್ಸಕರು ಹಾಗೆ ಮಾಡಲಿಲ್ಲ, ಅದಕ್ಕಾಗಿ ಅವರ ಬಗ್ಗೆ ಗೌರವ ಹೆಚ್ಚಿತು. 1995ರಲ್ಲಿ ಆಂಟೊಯ್ನ್ ಬೆಶಾರಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡೂ ಬದಿಯ ಅಮಿಗ್ಡಲ ಹಾಳಾಗಿದ್ದ ಒಬ್ಬ ರೋಗಿಗೆ ಯಾವ ಬಣ್ಣದ ಚಿತ್ರದ ನಂತರ ಕರ್ಕಶವಾದ ಹಾರ್ನ್ ಕೇಳಿಸುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು, ಆದರೆ ಆ ಬಣ್ಣ ಕಂಡಾಗ ಅಂಗೈ ಬೆವರುತ್ತಿರಲಿಲ್ಲ. ಘಟನೆಗಳ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಹಾಳಾಗಿದ್ದ ಇನ್ನೊಬ್ಬ ರೋಗಿಗೆ ಅಂಗೈ ಬೆವರುತ್ತಿತ್ತು, ಆದರೆ ಬಣ್ಣ ಯಾವುದೆಂದು ಹೇಳಲು ಬರುತ್ತಿರಲಿಲ್ಲ. ಘಟನೆಯ ನೆನಪು ಒಂದು ಕಡೆ, ಮೈಯ ನೆನಪು ಇನ್ನೊಂದು ಕಡೆ. ‘ಅದು ಏನೂ ಮಾಡುವುದಿಲ್ಲ, ಸುಮ್ಮನೆ ನಡೆ’ ಎಂದು ಮನೆಯವರು ಎಷ್ಟು ಹೇಳಿದರೂ ನನಗೆ ಪ್ರಯೋಜನವಾಗದಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಆ ಮಾತು ತಲುಪುತ್ತಿದ್ದ ನೆನಪು ಬೇರೆ, ನನ್ನ ಕಾಲನ್ನು ಹಿಡಿದು ನಿಲ್ಲಿಸುತ್ತಿದ್ದ ನೆನಪು ಬೇರೆ. ಅಮಿಗ್ಡಲ ಹಾಳಾದ ಎಸ್.ಎಂ. ಎಂದು ಕರೆಯಲಾಗುವ ಮಹಿಳೆ ಹಾವು, ಜೇಡಗಳ ಮುಂದೆಯೂ ಹೆದರಲಿಲ್ಲವೆಂಬ ವರದಿ ಪ್ರಸಿದ್ಧವಾಗಿದೆ. ಆದರೆ 2013ರಲ್ಲಿ ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಉಸಿರಾಡಿದಾಗ ಆಕೆಯೂ, ಅದೇ ರೀತಿಯ ಹಾನಿಯಿದ್ದ ಇನ್ನಿಬ್ಬರೂ ತೀವ್ರ ಗಾಬರಿಗೊಳಗಾದರು. ಭಯಪಡುವ ಶಕ್ತಿ ಒಂದೇ ಅಂಗದಲ್ಲಿ ಅಡಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಲೆಡೂ ಅವರೇ ನಂತರದ ವರ್ಷಗಳಲ್ಲಿ ಅಪಾಯವನ್ನು ಗುರುತಿಸಿ ಮೈಯನ್ನು ಎಚ್ಚರಿಸುವ ವ್ಯವಸ್ಥೆಯನ್ನೂ ನಾವು ಅನುಭವಿಸುವ ಭಯವನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ವಾದಿಸಿದ್ದಾರೆ.

ಇಲ್ಲಿ ಕರ್ನಾಟಕದಲ್ಲೇ ನಡೆದ ಒಂದು ಕೆಲಸವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿಯವರ ಪ್ರಯೋಗಾಲಯವೂ ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಸೇರಿ 2002ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಇರಿಸಿ ಒತ್ತಡಕ್ಕೆ ಗುರಿಪಡಿಸಿದಾಗ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾದವು, ಆದರೆ ಅಮಿಗ್ಡಲದ ನರಕೋಶಗಳ ಕವಲುಗಳು ಬೆಳೆದವು. ಎರಡು ವರ್ಷಗಳ ನಂತರ ಅದೇ ಪ್ರಯೋಗಾಲಯ, 21 ದಿನ ಒತ್ತಡವಿಲ್ಲದೆ ಬಿಟ್ಟರೆ ಹಿಪೊಕ್ಯಾಂಪಸ್ ಚೇತರಿಸಿಕೊಳ್ಳುತ್ತದೆ, ಅಮಿಗ್ಡಲದ ಬೆಳವಣಿಗೆ ಮಾತ್ರ ಹಾಗೆಯೇ ಉಳಿಯುತ್ತದೆ ಎಂದು ತೋರಿಸಿತು. 2005ರಲ್ಲಿ ಇನ್ನೊಂದು ಸಂಗತಿ ಹೊರಬಂತು: ಒಂದೇ ಒಂದು ಸಲದ ಒತ್ತಡ ಕೂಡ ಮರುದಿನವಲ್ಲ, ಹತ್ತು ದಿನಗಳ ನಂತರ ಅಮಿಗ್ಡಲದಲ್ಲಿ ಹೊಸ ಸಂಪರ್ಕಬಿಂದುಗಳಾಗಿ, ಹೆಚ್ಚಿದ ಆತಂಕವಾಗಿ ಕಾಣಿಸಿಕೊಳ್ಳುತ್ತದೆ. ಇಲಿಯ ಮೆದುಳಿನಿಂದ ಮನುಷ್ಯರಿಗೆ ನೇರವಾಗಿ ಹಾರಬಾರದು ಎಂಬ ಎಚ್ಚರಿಕೆಯೊಂದಿಗೇ ಇದನ್ನು ಬರೆಯುತ್ತಿದ್ದೇನೆ. ಆದರೂ ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಭಯಪೀಡಿತರನ್ನು ಸುಮ್ಮನಾಗಿಸುವವರು ಬೆಂಗಳೂರಿನ ಈ ಕೆಲಸವನ್ನು ಒಮ್ಮೆ ಗಮನಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಚಿಕಿತ್ಸೆಯ ಕ್ರಮ. ಯಾವ ಸನ್ನಿವೇಶ ಎಷ್ಟು ಭಯ ತರುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಅಂಕಗಳಲ್ಲಿ ಬರೆದು ಏಣಿಯಂಥ ಪಟ್ಟಿಯೊಂದನ್ನು ಮೊದಲು ಸಿದ್ಧಪಡಿಸಿದೆವು. ಈ ಅಂಕಪದ್ಧತಿಯನ್ನು ಬಳಕೆಗೆ ತಂದವರು ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ. ಅವರು ರೋಗಿಯ ಸ್ನಾಯುಗಳನ್ನು ಸಡಿಲಗೊಳಿಸುತ್ತ ಭಯದ ದೃಶ್ಯಗಳನ್ನು ಕಲ್ಪಿಸಿಕೊಳ್ಳಲು ಹೇಳುತ್ತಿದ್ದರು. ನಮ್ಮ ಕೇಂದ್ರದಲ್ಲಿ ಕಲ್ಪನೆಗಿಂತ ನಿಜವಾದ ನಾಯಿಗೇ ಹೆಚ್ಚು ಹೊತ್ತು ಮೀಸಲಾಗಿತ್ತು. ಚಿತ್ರ, ಬೊಗಳುವ ಸದ್ದು, ವಿಡಿಯೊಗಳು ಬೇಗ ಮುಗಿದವು. ಆಮೇಲೆ ಹಿತ್ತಿಲಿನ ಅಂಗಳದಲ್ಲಿ ತರಬೇತಾದ ಒಂದು ವಯಸ್ಸಾದ ಲ್ಯಾಬ್ರಡಾರ್, ಪಟ್ಟಿ ಹಿಡಿದ ಅದರ ಯಜಮಾನರು, ಅಂಗಳದ ಇನ್ನೊಂದು ತುದಿಯಲ್ಲಿ ನಾನು ಮತ್ತು ಚಿಕಿತ್ಸಕರು.

ಪ್ರತಿ ಹೆಜ್ಜೆಗೂ ಮುನ್ನ ಅವರು ಕೇಳುತ್ತಿದ್ದ ಪ್ರಶ್ನೆಯೇ ಈ ಚಿಕಿತ್ಸೆಯ ತಿರುಳು: ‘ಈಗ ಏನಾಗುತ್ತದೆ ಎಂದು ನಿಮಗೆ ಅನ್ನಿಸುತ್ತಿದೆ?’ ನಾನು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳುತ್ತಿದ್ದರು. ‘ಹತ್ತು ಹೆಜ್ಜೆ ಹತ್ತಿರಕ್ಕೆ ಹೋದರೆ ಮೈಮೇಲೆ ಎರಗುತ್ತದೆ’, ‘ನನ್ನ ಬೆವರಿನ ವಾಸನೆ ಹಿಡಿದು ಬೊಗಳುತ್ತದೆ’, ‘ನಾನು ತಲೆಸುತ್ತಿ ಬೀಳುತ್ತೇನೆ’. ಹೆಜ್ಜೆ ಇಟ್ಟ ಮೇಲೆ ನಿಜವಾಗಿ ಏನಾಯಿತೆಂದು ನನ್ನಿಂದಲೇ ಹೇಳಿಸುತ್ತಿದ್ದರು. ಭಯದ ಅಂಕ ಇಳಿಯಲಿಲ್ಲವೆಂದು ನಾನು ಚಿಂತಿಸಿದಾಗ, ಅಂಕ ಇಳಿಯುವುದಕ್ಕಿಂತ ನಿರೀಕ್ಷೆ ಸುಳ್ಳಾಗುವುದು ಮುಖ್ಯವೆಂದು ತಿಳಿಸಿದರು. ಮಿಶೆಲ್ ಕ್ರಾಸ್ಕೆ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದ ವಿಧಾನವಿದು. ಭಯ ತಣ್ಣಗಾಗುವವರೆಗೆ ಕುಳಿತಿರುವುದು ಹಳೆಯ ಗುರಿಯಾಗಿದ್ದರೆ, ಮೆದುಳು ಕಾದಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರ ದೊಡ್ಡದಾಗುವಂತೆ ನೋಡಿಕೊಳ್ಳುವುದು ಇಲ್ಲಿನ ಗುರಿ. ಅದೇ ಕಾರಣಕ್ಕೆ ನಾನು ಸದಾ ಜೊತೆಗಿಟ್ಟುಕೊಳ್ಳುತ್ತಿದ್ದ ಕೊಡೆಯನ್ನು ಮೂರನೆಯ ಹಂತದಿಂದ ಒಳಗೇ ಇಡಿಸಿದರು. ಕೊಡೆ ಕೈಯಲ್ಲಿದ್ದರೆ, ಏನೂ ಆಗದಿದ್ದುದರ ಶ್ರೇಯಸ್ಸು ಕೊಡೆಗೆ ಸೇರುತ್ತದೆ, ಮೆದುಳು ಹೊಸದೇನನ್ನೂ ಕಲಿಯುವುದಿಲ್ಲ. ಬಿಟ್ಟುಕೊಡಲು ಬಹಳ ಕಷ್ಟವಾಯಿತು. ಆದರೆ ಅದೇ ದಿನ ಮೊದಲ ಬಾರಿಗೆ ನಾಯಿಯ ಬೆನ್ನ ಮೇಲೆ ಕೈಯಿಟ್ಟೆ.

ಆ ದಿನ ಮನೆಗೆ ಬಂದಾಗ ಭಯ ಹೋಯಿತೆಂದೇ ಎಲ್ಲರಿಗೂ ಹೇಳಿದೆ. ಮುಂದಿನ ವಾರದ ಒಂದು ಮುಸ್ಸಂಜೆ, ನಮ್ಮದೇ ಬೀದಿಯ ತಿರುವಿನಲ್ಲಿ ನಾಲ್ಕೈದು ನಾಯಿಗಳು ಒಟ್ಟಿಗೆ ಎದ್ದು ನಿಂತಾಗ ಹಳೆಯದೆಲ್ಲ ಒಂದೇ ಕ್ಷಣದಲ್ಲಿ ಮರಳಿತು. ಇಂಥ ಹೊತ್ತಿನಲ್ಲಿ ಅನೇಕರು ಚಿಕಿತ್ಸೆ ಸೋತಿತೆಂದು ಬಿಟ್ಟುಬಿಡುತ್ತಾರೆ. ಚಿಕಿತ್ಸಕರಿಗೆ ಫೋನ್ ಮಾಡಿದಾಗ ಅವರ ದನಿಯಲ್ಲಿ ಆಶ್ಚರ್ಯವಿರಲಿಲ್ಲ, ಏಕೆಂದರೆ ಹೀಗಾಗಬಹುದೆಂದು ಎರಡನೆಯ ಭೇಟಿಯಲ್ಲಿಯೇ ಅವರು ಹೇಳಿದ್ದರು. ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ನಾಯಿಗೆ ಆಹಾರವಿಲ್ಲದೆ ಸದ್ದನ್ನಷ್ಟೇ ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ನಿಲ್ಲುತ್ತದೆ, ಸ್ವಲ್ಪ ಕಾಲ ಬಿಟ್ಟು ಕೇಳಿಸಿದರೆ ತಾನಾಗಿ ಮರಳುತ್ತದೆ ಎಂಬುದನ್ನು ಪಾವ್ಲೊವ್ ಗಮನಿಸಿದ್ದರು. ಮಾರ್ಕ್ ಬೌಟನ್ ಅವರ ದಶಕಗಳ ಪ್ರಯೋಗಗಳು ಇದನ್ನು ಇನ್ನೂ ಸ್ಪಷ್ಟಪಡಿಸಿದವು. ಒಂದು ಪೆಟ್ಟಿಗೆಯಲ್ಲಿ ಭಯ ಕಲಿತ ಇಲಿಗೆ ಇನ್ನೊಂದು ಪೆಟ್ಟಿಗೆಯಲ್ಲಿ ಆ ಭಯ ಆರುವಂತೆ ಮಾಡಿ, ಮತ್ತೆ ಮೊದಲ ಪೆಟ್ಟಿಗೆಗೆ ಹಾಕಿದರೆ ಭಯ ಹಿಂದಿರುಗುತ್ತದೆ. ಚಿಕಿತ್ಸೆ ಹಳೆಯ ನೆನಪನ್ನು ಅಳಿಸಿರುವುದಿಲ್ಲ. ‘ಈ ನಾಯಿ, ಈ ಅಂಗಳ, ಈ ಹೊತ್ತು: ಅಪಾಯವಿಲ್ಲ’ ಎಂಬ ಹೊಸ ನೆನಪೊಂದನ್ನು ಅದರ ಪಕ್ಕದಲ್ಲಿ ಇರಿಸಿರುತ್ತದೆ. ಹಳೆಯ ಭಯ ಎಲ್ಲ ಜಾಗಗಳಿಗೂ ಹರಡುವ ಸ್ವಭಾವದ್ದು. ಹೊಸ ನೆನಪು ಕಲಿತ ಜಾಗಕ್ಕೇ ಅಂಟಿಕೊಳ್ಳುವ ಸ್ವಭಾವದ್ದು. 2002ರಲ್ಲಿ ಪೋರ್ಟೊ ರಿಕೊದಲ್ಲಿ ಮೊಹಮ್ಮದ್ ಮಿಲಾದ್ ಮತ್ತು ಗ್ರೆಗರಿ ಕ್ವಿರ್ಕ್, ಭಯ ಆರಿದ್ದನ್ನು ಇಲಿ ನೆನಪಿಸಿಕೊಳ್ಳುವಾಗ ಮೆದುಳಿನ ಮುಂಭಾಗದ ನಡುವಿನಲ್ಲಿರುವ ಒಂದು ಪ್ರದೇಶದ ನರಕೋಶಗಳು ಚುರುಕಾಗುತ್ತವೆ ಎಂದು ತೋರಿಸಿದರು. ಅಮಿಗ್ಡಲವನ್ನು ತಡೆಹಿಡಿಯುವ ಕೆಲಸ ಅಲ್ಲಿಂದ ನಡೆಯುತ್ತದೆ. ಈಗ ಎಲ್ಲಿದ್ದೇವೆ, ಯಾವ ನೆನಪನ್ನು ಮುಂದೆ ತರಬೇಕು ಎಂಬುದನ್ನು ತಿಳಿಸುವಲ್ಲಿ ಹಿಪೊಕ್ಯಾಂಪಸ್‌ಗೆ ಪಾತ್ರವಿದೆ.

ಈ ತಿಳಿವಳಿಕೆಯನ್ನು ಕೇಂದ್ರದವರು ಕೆಲಸಕ್ಕೆ ಇಳಿಸಿದ್ದೇ ನನ್ನ ಮೆಚ್ಚುಗೆಗೆ ಕಾರಣ. ಲ್ಯಾಬ್ರಡಾರ್ ಆದ ಮೇಲೆ ಬೇರೆ ತಳಿಯ, ಬೇರೆ ಗಾತ್ರದ ನಾಯಿಗಳು ಬಂದವು. ಅಂಗಳದಿಂದ ಪಾರ್ಕಿಗೆ, ಪಾರ್ಕಿನಿಂದ ನಮ್ಮ ಬಡಾವಣೆಯ ಬೀದಿಗೆ, ಬೆಳಗಿನಿಂದ ಮುಸ್ಸಂಜೆಗೆ ಚಿಕಿತ್ಸೆ ಸಾಗಿತು. ಚಿಕಿತ್ಸಕರು ನನ್ನೊಡನೆ ಅದೇ ತಿರುವಿನವರೆಗೆ ನಡೆದುಬಂದರು, ಮುಂದಿನ ಸಲ ಐವತ್ತು ಅಡಿ ಹಿಂದೆ ನಿಂತರು, ಆಮೇಲೆ ಬರಲೇ ಇಲ್ಲ. ಎರಡು ಭೇಟಿಗಳ ನಡುವೆ ಮನೆಗೆಲಸವಿರುತ್ತಿತ್ತು: ಇಂಥ ಬೀದಿ, ಇಂಥ ಹೊತ್ತು, ಮೊದಲೇ ಬರೆದಿಟ್ಟ ನಿರೀಕ್ಷೆ, ಆಮೇಲೆ ನಡೆದದ್ದು. ಮುಖ್ಯ ಚಿಕಿತ್ಸೆ ಮುಗಿದ ತಿಂಗಳುಗಳ ನಂತರ ಒಂದು ಮರುಭೇಟಿಯನ್ನೂ ಇಟ್ಟಿದ್ದರು. ಕೋಣೆಯ ಬಾಗಿಲು ದಾಟದ ಎಕ್ಸ್‌ಪೋಶರ್‌ಗೆ ಹಣ ಕೊಡುವುದಕ್ಕಿಂತ ಮೊದಲು ಓದುಗರು ಎರಡು ಬಾರಿ ಯೋಚಿಸಬೇಕು.

ಎಚ್ಚರಿಕೆ ಮತ್ತು ಭಯವನ್ನು ಬೇರ್ಪಡಿಸಿ ಕಲಿಸಿದ್ದೂ ಚೆನ್ನಾಗಿತ್ತು. ನಮ್ಮ ಬೀದಿಗಳಲ್ಲಿ ನಾಯಿ ಕಚ್ಚುವುದು ಕಲ್ಪನೆಯಲ್ಲ, ರೋಗಲಕ್ಷಣ ಕಾಣಿಸಿಕೊಂಡ ನಂತರ ರೇಬಿಸ್ ಬಹುತೇಕ ಖಂಡಿತವಾಗಿ ಮಾರಕ. ಹಾಗಾಗಿ ಮರಿಹಾಕಿದ ತಾಯಿನಾಯಿಯ ಹತ್ತಿರ ಹೋಗದಿರುವುದು, ತಿನ್ನುತ್ತಿರುವ ನಾಯಿಯನ್ನು ಮುಟ್ಟದಿರುವುದು, ಗುಂಪು ಎದುರಾದಾಗ ಓಡದೆ ನಿಧಾನವಾಗಿ ಬದಿಗೆ ಸರಿಯುವುದು, ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗುವುದು, ಇವೆಲ್ಲ ಪಾಠದ ಭಾಗವಾಗಿದ್ದವು. ಗುಂಪಿನ ನಾಯಿಗಳ ನಡುವೆ ನನ್ನನ್ನು ನಡೆಸಲು ಅವರು ಎಂದೂ ಯತ್ನಿಸಲಿಲ್ಲ.

ಔಷಧಿಯ ವಿಷಯದಲ್ಲಿ ಅವರ ಮಾತು ಅಳತೆ ಮೀರಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಇದಕ್ಕೂ ಮುನ್ನ ನಾನು ವಿಚಾರಿಸಿದ್ದ ಬೇರೊಂದು ಕಡೆ, ಒಂದೇ ಸಲಕ್ಕೆ ಭಯದ ನೆನಪನ್ನು ಬೇರುಸಹಿತ ತೆಗೆದುಹಾಕುತ್ತೇವೆ ಎಂದು ದೊಡ್ಡ ಮೊತ್ತ ಹೇಳಿದ್ದರು. ಅಂಥ ಮಾತಿನ ಹಿಂದೆ ಒಂದು ನಿಜವಾದ ಸಂಶೋಧನೆಯಿದೆ. ಕರೀಮ್ ನಾಡರ್, ಗ್ಲೆನ್ ಶಾಫ್ ಮತ್ತು ಲೆಡೂ 2000ದಲ್ಲಿ, ಭಯದ ನೆನಪನ್ನು ಎಬ್ಬಿಸಿದ ಕೂಡಲೇ ಇಲಿಯ ಅಮಿಗ್ಡಲದಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆದರೆ ಆ ನೆನಪು ದುರ್ಬಲವಾಗುತ್ತದೆ ಎಂದು ತೋರಿಸಿದರು. ಮೆದುಳಿನಲ್ಲಿ ನೆಲೆಗೊಂಡ ನೆನಪು ಮತ್ತೆ ಹೊರಬಂದಾಗ ಸ್ವಲ್ಪ ಹೊತ್ತು ಬದಲಾಗಬಲ್ಲ ಸ್ಥಿತಿಯಲ್ಲಿರುತ್ತದೆ ಎಂಬುದು ಇದರ ಅರ್ಥ. 2009ರಲ್ಲಿ ಆಮ್‌ಸ್ಟರ್‌ಡಾಮಿನ ಮೆರೆಲ್ ಕಿಂಟ್ ತಂಡ, ರಕ್ತದೊತ್ತಡಕ್ಕೆ ಬಳಸುವ ಪ್ರೊಪ್ರನೊಲಾಲ್ ಮಾತ್ರೆಯಿಂದ ಮನುಷ್ಯರಲ್ಲಿ ಇದೇ ಬಗೆಯ ಫಲ ಕಂಡಿತೆಂದು ವರದಿ ಮಾಡಿತು. ಆದರೆ ಬೇರೆ ತಂಡಗಳು ಪುನರಾವರ್ತಿಸಿದಾಗ ಎಲ್ಲ ಕಡೆಯೂ ಆ ಫಲ ದೊರೆಯಲಿಲ್ಲ. ಕ್ಷಯಕ್ಕೆ ಬಳಸುವ ಡಿ-ಸೈಕ್ಲೊಸೆರಿನ್ ಎಕ್ಸ್‌ಪೋಶರ್‌ನ ಕಲಿಕೆಯನ್ನು ಗಟ್ಟಿಗೊಳಿಸುತ್ತದೆ ಎಂಬ ಆಶೆ 2004ರಲ್ಲಿ ಎತ್ತರದ ಭಯವಿದ್ದವರ ಅಧ್ಯಯನದಿಂದ ಹುಟ್ಟಿತು. ನಂತರದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ ಲಾಭ ಚಿಕ್ಕದೆಂದು ಕಂಡಿತು. ನಮ್ಮ ಚಿಕಿತ್ಸಕರು ಇವೆರಡನ್ನೂ ಕೊಡುವುದಿಲ್ಲ, ಸಂಶೋಧನೆಯ ಹಂತದಲ್ಲಿರುವುದನ್ನು ಚಿಕಿತ್ಸೆಯೆಂದು ಮಾರಬಾರದು ಎಂದರು. ಒಂದೇ ಸಲದ ಚಿಕಿತ್ಸೆ ಎಂಬುದು ಪೂರ್ತಿ ಸುಳ್ಳೂ ಅಲ್ಲ. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1989ರಲ್ಲಿ ವಿವರಿಸಿದ ವಿಧಾನದಲ್ಲಿ ಮೂರು ಗಂಟೆಗಳವರೆಗಿನ ಒಂದೇ ದೀರ್ಘ ಬೈಠಕ್ಕಿನಲ್ಲಿ ಎಕ್ಸ್‌ಪೋಶರ್ ನಡೆಯುತ್ತದೆ, ಅದಕ್ಕೆ ಒಳ್ಳೆಯ ಆಧಾರವೂ ಇದೆ. ಆದರೆ ಅದು ನೆನಪನ್ನು ಕಿತ್ತುಹಾಕುವ ವಿದ್ಯೆಯಲ್ಲ. ಅದರ ನಂತರವೂ ರೋಗಿ ತಾನಾಗಿ ಅಭ್ಯಾಸವನ್ನು ಮುಂದುವರಿಸಬೇಕು.

ಮಗಳಿಗೆ ಪ್ರತ್ಯೇಕ ಚಿಕಿತ್ಸೆ ಬೇಕಾಗಲಿಲ್ಲ. ನಾನು ಸ್ವಲ್ಪ ಮಟ್ಟಿಗೆ ಸುಧಾರಿಸಿದ ಮೇಲೆ ಅವಳನ್ನೂ ಅಂಗಳಕ್ಕೆ ಕರೆತರಲು ಹೇಳಿದರು. ಅವಳು ತನ್ನ ಇಷ್ಟದ ಕೋಡುಬಳೆ ತಿನ್ನುತ್ತ ದೂರದಲ್ಲಿ ಕುಳಿತಿರುತ್ತಿದ್ದಳು. ನಾಯಿಯೊಡನೆ ಆಡುತ್ತಿದ್ದ ಯಜಮಾನರ ಮಕ್ಕಳನ್ನು ನೋಡುತ್ತ, ತಾನಾಗಿಯೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಯುವ ಸಂಶೋಧಕಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮೂರು ವರ್ಷ ತುಂಬದ ಹುಡುಗನಿಗೆ ಮಾಡಿದ್ದೂ ಇದೇ: ಹುಡುಗ ತಿಂಡಿ ತಿನ್ನುತ್ತಿರುವಾಗ ಮೊಲವಿದ್ದ ಪಂಜರವನ್ನು ದಿನದಿಂದ ದಿನಕ್ಕೆ ಹತ್ತಿರ ತಂದರು, ಹೆದರದ ಮಕ್ಕಳನ್ನು ಜೊತೆಗಿರಿಸಿದರು, ಕೊನೆಗೆ ಪೀಟರ್ ಮೊಲವನ್ನು ಮುದ್ದಿಸಿದ. ಆಲ್ಬರ್ಟನ ಪ್ರಯೋಗ ಪಡೆದಿರುವ ಪ್ರಸಿದ್ಧಿಯ ಅರ್ಧದಷ್ಟಾದರೂ ಪೀಟರನ ಚಿಕಿತ್ಸೆಗೆ ಸಿಗಬೇಕಿತ್ತು.

ಕಡಿತಗೊಂಡ ಒಂದು ಅಂಕದ ಲೆಕ್ಕ ಕೊಡಬೇಕು. ಮೊದಲನೆಯದಾಗಿ, ಪ್ರಶ್ನಾವಳಿಗಳೂ ಮನೆಗೆಲಸದ ಹಾಳೆಗಳೂ ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಚಿಕಿತ್ಸಕರು ಸೊಗಸಾದ ಕನ್ನಡದಲ್ಲಿ ಮಾತಾಡುತ್ತಿದ್ದರೂ, ನನ್ನ ಜೊತೆ ಕಾಯುತ್ತಿದ್ದ ನಂಜನಗೂಡಿನ ಒಬ್ಬ ಹಿರಿಯರು ಅಂಕಪಟ್ಟಿಯನ್ನು ಸ್ವಾಗತಕಾರರಿಂದ ಓದಿಸಿಕೊಂಡು, ತಮ್ಮ ಒಳಗಿನ ಭಯಗಳನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಬೇಕಾಯಿತು. ಮೈಸೂರಿನಂಥ ಊರಿನಲ್ಲಿ ಇದು ಸಹಿಸಲಾಗದ ಲೋಪ, ಸರಿಪಡಿಸಲು ಬಹಳ ಸುಲಭವಾದುದೂ ಹೌದು. ಎರಡನೆಯದಾಗಿ, ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುವಲ್ ರಿಯಾಲಿಟಿ ಸಾಧನದ ಬೈಠಕ್ಕಿಗೆ ಪ್ರತ್ಯೇಕ ಶುಲ್ಕವಿತ್ತು. ವಿಮಾನ ಅಥವಾ ಎತ್ತರದ ಭಯವಿದ್ದವರಿಗೆ, ನಿಜವಾದ ಸನ್ನಿವೇಶ ಕೈಗೆಟುಕದಿರುವಾಗ, ಅದು ಉಪಯುಕ್ತ. ಅಂಗಳದಲ್ಲಿ ನಿಜವಾದ ನಾಯಿ ಇರುವಾಗ ಅದರ ಅಗತ್ಯವಿರಲಿಲ್ಲ. ಮೂರನೆಯದಾಗಿ ಖರ್ಚು. ಒಂದು ಭೇಟಿಗೆ ಎರಡು ಸಾವಿರ ರೂಪಾಯಿಗೆ ಸಮೀಪದ ಮೊತ್ತ, ಹೊರಗಿನ ಬೈಠಕ್ಕಿಗೆ ಅದಕ್ಕಿಂತ ಹೆಚ್ಚು. 2017ರ ಮಾನಸಿಕ ಆರೋಗ್ಯ ಕಾಯ್ದೆ ದೈಹಿಕ ಕಾಯಿಲೆಗಳಿಗೆ ಸಮನಾಗಿ ಮಾನಸಿಕ ಕಾಯಿಲೆಗಳಿಗೂ ವಿಮೆ ಕೊಡಬೇಕೆಂದು ಹೇಳಿದರೂ, ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಇಂಥ ಚಿಕಿತ್ಸೆ ನನ್ನ ಪಾಲಿಸಿಯಲ್ಲಿ ಸೇರಿರಲಿಲ್ಲ.

ಈ ಖರ್ಚು ಭರಿಸಲಾಗದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲಿರುಳೂ ಕನ್ನಡದಲ್ಲಿ ದೊರೆಯುತ್ತದೆ, ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳೂ ಇವೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಆ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೆಂಗಳೂರಿಗೆ ಹೋಗಬಲ್ಲವರಿಗೆ ನಿಮ್ಹಾನ್ಸ್ ಇದ್ದೇ ಇದೆ.

ಯಾವ ಕೇಂದ್ರವನ್ನೇ ಆರಿಸಿಕೊಂಡರೂ ಹಣ ಕಟ್ಟುವ ಮುನ್ನ ಚಿಕಿತ್ಸಕರ ನೋಂದಣಿಯನ್ನು ನೋಡಿ. ಕೋಣೆಯ ಹೊರಗೆ ನಮ್ಮೊಡನೆ ಬರುತ್ತಾರೆಯೇ, ಭಯ ಮರಳಿದರೆ ಏನು ಮಾಡುತ್ತಾರೆ, ಮಧ್ಯದಲ್ಲಿ ಬೇಡವೆಂದರೆ ನಿಲ್ಲಿಸುತ್ತಾರೆಯೇ ಎಂಬುದನ್ನು ನೇರವಾಗಿ ಕೇಳಿ. ಸೂಜಿ ಅಥವಾ ರಕ್ತ ಕಂಡರೆ ಪ್ರಜ್ಞೆ ತಪ್ಪುವವರು ಅದನ್ನು ಮೊದಲೇ ತಿಳಿಸಬೇಕು, ಏಕೆಂದರೆ ಅವರಲ್ಲಿ ರಕ್ತದೊತ್ತಡ ಒಮ್ಮೆಲೇ ಕುಸಿಯುವುದರಿಂದ ಸ್ನಾಯುಗಳನ್ನು ಬಿಗಿಹಿಡಿಯುವ ಬೇರೆ ಅಭ್ಯಾಸವನ್ನು ಜೊತೆಗೆ ಕಲಿಸಬೇಕಾಗುತ್ತದೆ. ಈ ಕೇಂದ್ರದಲ್ಲಿ ಶನಿವಾರದ ಹೊತ್ತುಗಳು ಬೇಗ ತುಂಬಿಹೋಗುತ್ತವೆ. ಮುಸ್ಸಂಜೆಯ ಬೀದಿಯ ಬೈಠಕ್ಕು ಬೇಕಿದ್ದವರು ಮೊದಲ ಭೇಟಿಯಲ್ಲಿಯೇ ಅದನ್ನು ಹೇಳಿ ಕಾದಿರಿಸುವುದು ಒಳ್ಳೆಯದು.